ಎರಡು ವಾರಗಳ ಸೇವಾಯಾತ್ರೆ: ಹೊರಡುವ ಮುನ್ನ ತಿಳಿಯಬೇಕಾದದ್ದು

ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಲ್ಲಿ ಓದುತ್ತಿರುವ ಮೊಮ್ಮಕ್ಕಳು ರಜೆಗೆ ಊರಿಗೆ ಬರುವುದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರ ಮನೆಗಳಲ್ಲಿ ಹೊಸ ಸಂಗತಿಯಲ್ಲ. ಅವರಲ್ಲೊಬ್ಬರು, "ಈ ಸಲ ಕಾಲೇಜಿನ ಕ್ರೈಸ್ತ ಮಿಷನ್ ತಂಡದೊಡನೆ ಬರುತ್ತಿದ್ದೇನೆ, ಎರಡು ವಾರ ಅನಾಥ ಮಕ್ಕಳ ಸೇವೆ ಮಾಡುತ್ತೇವೆ" ಎಂದು ಬರೆದರೆ ಅಜ್ಜ ಅಜ್ಜಿಯರಿಗೆ ಹೆಮ್ಮೆಯಾಗುವುದು ಸಹಜ. ಆ ಹೆಮ್ಮೆಗೆ ಅಡ್ಡಬರುವ ಇಚ್ಛೆ ನಮಗಿಲ್ಲ. ಆದರೆ ಆ ಹದಿನಾಲ್ಕು ದಿನಗಳು ಮಕ್ಕಳ ಪಾಲಿಗೆ ಏನಾಗುತ್ತವೆ, ಇಲ್ಲಿನ ಕಾನೂನು ಏನು ಹೇಳುತ್ತದೆ ಎಂಬುದನ್ನು ಹಿರಿಯರು ತಿಳಿದಿರುವುದು ಅಗತ್ಯ.

ಇಂತಹ ಅಲ್ಪಾವಧಿಯ ಯಾತ್ರೆ ಬಹಳ ಹಳೆಯ ಪದ್ಧತಿಯಲ್ಲ. ಅಮೆರಿಕದ ಲೋರೆನ್ ಕನಿಂಗ್‌ಹ್ಯಾಮ್ ಅವರು 1960ರಲ್ಲಿ ಆರಂಭಿಸಿದ 'ಯೂತ್ ವಿತ್ ಎ ಮಿಷನ್'ನಂತಹ ಸಂಸ್ಥೆಗಳು ವಿಮಾನಯಾನ ಸುಲಭವಾದ ಕಾಲದಲ್ಲಿ ಇದನ್ನು ಬೆಳೆಸಿದವು. ಕನ್ನಡಿಗರು ಬಲ್ಲ ಮಿಷನರಿ ಬೇರೆ ಬಗೆಯವನು. ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ ಅವರಿಗೆ 21 ವರ್ಷ. ಇಂದಿನ ಕಾಲೇಜು ವಿದ್ಯಾರ್ಥಿಯ ವಯಸ್ಸು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಮತಪ್ರಚಾರವೇ ಅವರ ಮೂಲ ಉದ್ದೇಶವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಜನರ ಮಾತನ್ನು ಮೊದಲು ಕಲಿಯಬೇಕೆಂಬ ಶಿಸ್ತು ಅವರಲ್ಲಿತ್ತು. ಎರಡು ವಾರಕ್ಕೆ ಬಂದವನಿಗೆ, ಮಗು ಮರಾಠಿಯಲ್ಲಿ ಹೊಟ್ಟೆ ನೋಯುತ್ತಿದೆಯೆಂದರೂ ಅರ್ಥವಾಗದು.

ಮನೆಯವರಿಂದ ದೂರವಾದ ಮಗು ಹೊಸಬರನ್ನು ಬೇಗ ಅಪ್ಪಿಕೊಳ್ಳುತ್ತದೆ. ನೋಡುವವರಿಗೆ ಅದು ಪ್ರೀತಿಯಂತೆ ಕಾಣುತ್ತದೆ. ಹತ್ತು ದಿನ ಎತ್ತಿ ಆಡಿಸಿದವರು ಹನ್ನೊಂದನೆಯ ದಿನ ಹೊರಟುಹೋಗುತ್ತಾರೆ. ತಿಂಗಳು ಕಳೆದರೆ ಮತ್ತೊಂದು ತಂಡ, ಮತ್ತೊಂದು ಬೀಳ್ಕೊಡುಗೆ. ಹೀಗೆ ಮತ್ತೆ ಮತ್ತೆ ಅಗಲಿಕೆಯನ್ನು ಉಂಡ ಮಗುವಿಗೆ ಯಾರನ್ನೂ ನಂಬುವುದು ಕಷ್ಟವಾಗುತ್ತದೆಂದು ಮಕ್ಕಳ ಮನಶ್ಶಾಸ್ತ್ರ ಬಲ್ಲವರು ಎಚ್ಚರಿಸುತ್ತ ಬಂದಿದ್ದಾರೆ. ಇದಕ್ಕಿಂತ ಕಠೋರವಾದದ್ದು ಹಣದ ಲೆಕ್ಕ. ಅತಿಥಿಗಳು ಬಂದರೆ ದೇಣಿಗೆ ಬರುತ್ತದೆ, ಅತಿಥಿಗಳು ಬರಬೇಕಾದರೆ ಮಕ್ಕಳಿರಬೇಕು. ನೇಪಾಳ, ಕಾಂಬೋಡಿಯಗಳಲ್ಲಿ ಬಡ ತಂದೆತಾಯಿಯರಿಗೆ ಶಾಲೆಯ ಆಸೆ ತೋರಿಸಿ, ಅವರ ಮಕ್ಕಳನ್ನು 'ಅನಾಥ'ರನ್ನಾಗಿ ಮಾಡಿದ ಪ್ರಕರಣಗಳು ಬೆಳಕಿಗೆ ಬಂದಿವೆ. ಆಸ್ಟ್ರೇಲಿಯ 2018ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಪರಿಗಣಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಅನಾಥಾಲಯಗಳ ಸ್ವಯಂಸೇವಾ ಪ್ರವಾಸದ ಅಪಾಯವನ್ನು ತನ್ನ ನಿರ್ಣಯದಲ್ಲಿ ಹೆಸರಿಸಿತು.

ಇದೆಲ್ಲ ದೂರದ ಕಥೆಯೆನ್ನುವಂತಿಲ್ಲ. ಕೊಲಾಬಾ ಮತ್ತು ರಾಯಗಡದ ಮುರುಡಗಳಲ್ಲಿ ಬೀದಿಮಕ್ಕಳಿಗಾಗಿ ನಡೆಯುತ್ತಿದ್ದ 'ಆಂಕರೇಜ್' ಆಶ್ರಯಗೃಹಗಳ ಪ್ರಕರಣ ಹಲವರಿಗೆ ನೆನಪಿರಬಹುದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವೆಸಗಿದ ಇಬ್ಬರು ಬ್ರಿಟಿಷರಿಗೆ 2006ರಲ್ಲಿ ಶಿಕ್ಷೆಯಾಯಿತು. ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿದರೂ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಶಿಕ್ಷೆಯನ್ನು ಮತ್ತೆ ಜಾರಿಗೆ ತಂದಿತು. ಅದು ಮಿಷನ್ ಸಂಸ್ಥೆಯಾಗಿರಲಿಲ್ಲ. ಆದರೆ ಪರದೇಶದ ದಯಾವಂತರೆಂದೊಡನೆ ವಿಚಾರಿಸದೆ ಬಾಗಿಲು ತೆರೆಯುವ ನಮ್ಮ ಅಭ್ಯಾಸ ಎಲ್ಲೆಡೆ ಒಂದೇ. 2022ರ ಆಗಸ್ಟಿನಲ್ಲಿ ನವಿಮುಂಬಯಿಯ ಸೀವುಡ್ಸ್‌ನಲ್ಲಿ, ಅನುಮತಿಯಿಲ್ಲದೆ ನಡೆಯುತ್ತಿತ್ತೆನ್ನಲಾದ ಒಂದು ಆಶ್ರಮದಿಂದ ಅಧಿಕಾರಿಗಳು 45 ಮಕ್ಕಳನ್ನು ಹೊರತಂದರು.

2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳನ್ನಿಟ್ಟುಕೊಳ್ಳುವ ಪ್ರತಿಯೊಂದು ಪಾಲನಾಸಂಸ್ಥೆಗೂ ನೋಂದಣಿ ಕಡ್ಡಾಯ. ತಪ್ಪಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೆ ಎರಡೂ. ಅದೇ ಕಾಯ್ದೆಯ 74ನೆಯ ಕಲಮಿನ ಪ್ರಕಾರ ಪೋಷಣೆ, ರಕ್ಷಣೆ ಬೇಕಾದ ಮಗುವಿನ ಗುರುತು, ಭಾವಚಿತ್ರಗಳನ್ನು ಪ್ರಕಟಿಸುವಂತಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತೆಗೆದ ಫೋಟೋವನ್ನು ಫೇಸ್‌ಬುಕ್ಕಿಗೆ ಏರಿಸುವ ಯುವಕನಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ವೀಸಾ ಕುರಿತು ಇನ್ನೂ ಹೆಚ್ಚಿನ ಎಚ್ಚರ ಬೇಕು. ಇ-ಪ್ರವಾಸಿ ವೀಸಾದಲ್ಲಿ ಪ್ರತಿಫಲವಿಲ್ಲದ ಸ್ವಯಂಸೇವೆಗೆ ಒಂದು ತಿಂಗಳವರೆಗೆ ಅವಕಾಶವಿದೆ, ಮತಪ್ರಚಾರಕ್ಕಿಲ್ಲ. ಅದಕ್ಕೆ ಮಿಷನರಿ ವೀಸಾ ಬೇರೆಯೇ ಇದೆ. ನಮ್ಮ ಮೊಮ್ಮಕ್ಕಳಲ್ಲಿ ಅನೇಕರು ಒಸಿಐ ಕಾರ್ಡು ಹೊಂದಿದವರು. ಆ ಕಾರ್ಡಿದ್ದರೆ ಏನನ್ನಾದರೂ ಮಾಡಬಹುದೆಂಬ ಭಾವನೆ ಸಾಮಾನ್ಯ. ಆದರೆ 2021ರ ಮಾರ್ಚ್ ತಿಂಗಳ ಕೇಂದ್ರ ಗೃಹಸಚಿವಾಲಯದ ಅಧಿಸೂಚನೆಯಂತೆ ಮಿಷನರಿ ಚಟುವಟಿಕೆಗೆ ಅವರೂ ವಿಶೇಷ ಅನುಮತಿ ಪಡೆಯಬೇಕು. ತಂಡದ ಮುಖ್ಯಸ್ಥರು "ಬರಿಯ ಆಟಪಾಠ" ಎಂದರೂ, ಕಾರ್ಯಕ್ರಮಪಟ್ಟಿಯಲ್ಲಿ ಪ್ರಾರ್ಥನಾಕೂಟ, ಬೈಬಲ್ ತರಗತಿಗಳಿದ್ದರೆ ಮೊದಲೇ ವಿಚಾರಿಸುವುದು ಲೇಸು.

ಹಾಗಾದರೆ ಹುಡುಗ ಬರಲೇಬಾರದೆ? ಬರಲಿ. ಸಂಸ್ಥೆಯ ನೋಂದಣಿಪತ್ರವನ್ನು ಕೇಳಲಿ. ಮಕ್ಕಳ ತಂದೆತಾಯಿಯರು ಎಲ್ಲಿದ್ದಾರೆ, ಅವರನ್ನು ಮರಳಿ ಮನೆಗೆ ಸೇರಿಸುವ ಪ್ರಯತ್ನ ನಡೆದಿದೆಯೆ ಎಂದೂ ಕೇಳಲಿ. ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಗೆ ಹೋಗಬೇಕಾಗಿಲ್ಲ. ಮಕ್ಕಳನ್ನು ಎತ್ತಿ ಆಡಿಸುವುದಕ್ಕಿಂತ ಅಲ್ಲಿ ವರ್ಷವಿಡೀ ದುಡಿಯುವ ಆಯಾಗಳಿಗೆ, ಶಿಕ್ಷಕಿಯರಿಗೆ ನೆರವಾಗುವ ಕೆಲಸ, ಎಂದರೆ ಲೆಕ್ಕಪತ್ರ, ಕಂಪ್ಯೂಟರ್, ಗ್ರಂಥಾಲಯ, ಹೆಚ್ಚು ಉಪಯುಕ್ತ. ವಿಮಾನದ ಟಿಕೆಟಿನ ಹಣದಲ್ಲಿ ಒಬ್ಬ ಸ್ಥಳೀಯ ಕಾರ್ಯಕರ್ತೆಯ ಕೆಲವು ತಿಂಗಳ ಸಂಬಳ ಹುಟ್ಟೀತು ಎಂಬ ಮಾತನ್ನೂ ಊಟಕ್ಕೆ ಕೂತಾಗ ಮೆಲ್ಲಗೆ ಎತ್ತಬಹುದು. ಸಂಸ್ಥೆಯಲ್ಲಿ ಸಂಶಯಕ್ಕೆ ಎಡೆ ಕೊಡುವಂತಹದೇನಾದರೂ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. 1996ರಲ್ಲಿ ನಮ್ಮ ಮುಂಬಯಿಯಲ್ಲೇ ಆರಂಭವಾದ ಈ ಸೇವೆಗೆ ಕರೆ ಉಚಿತ.