ಬಾಕ್ಸರ್‌ಗೆ ಬೇಕಾದ ಬಲವೇ ಬೇರೆ

ಹುಮನಾಬಾದ್ ಆಗಲಿ, ಬಸವಕಲ್ಯಾಣ ಆಗಲಿ, ಜಿಮ್‌ಗೆ ಹೊಸದಾಗಿ ಬಂದ ಹುಡುಗನಿಗೆ ಎದುರಾಗೋ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: 'ಬೆಂಚ್ ಎಷ್ಟು ಹೊಡೀತಿ?' ಬಾಡಿ ಮಾಡಲಿಕ್ಕೆ ಬಂದವನಿಗೆ ಈ ಪ್ರಶ್ನೆ ಸರಿ. ಆದರೆ ಬಾಕ್ಸಿಂಗ್ ಸ್ಪರ್ಧೆಗೆ ಇಳಿಯೋ ಹುಡುಗ, ಹುಡುಗಿಗೆ ಇದರಿಂದ ಏನೂ ಉಪಯೋಗ ಇಲ್ಲ. ಅವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಪಂಚ್ ಎಷ್ಟು ಬೇಗ ಹೋಗುತ್ತೆ? ಮೂರನೇ ರೌಂಡ್‌ನಲ್ಲೂ ಅದೇ ವೇಗ ಉಳಿಯುತ್ತಾ? ತೂಕ ನೋಡೋ ದಿನ ಕಾಟಾ ಎಷ್ಟು ತೋರಿಸುತ್ತೆ?

ಭಾರ ಎತ್ತಿದರೆ ಬಾಕ್ಸರ್ ನಿಧಾನ ಆಗ್ತಾನೆ ಅಂತ ಹೇಳೋರು ಇನ್ನೂ ಇದ್ದಾರೆ. ಅದು ಅರ್ಧ ಸತ್ಯ. ಬಾಡಿಬಿಲ್ಡರ್ ಪಟ್ಟಿಯನ್ನು ಹಂಗೇ ತಂದು ಬಾಕ್ಸರ್‌ಗೆ ಕೊಟ್ಟರೆ ನಿಧಾನ ಆಗೋದು ನಿಜ. ಅವನ ಆಟಕ್ಕೆ ತಕ್ಕಂತೆ ಪಟ್ಟಿಯನ್ನು ಹೊಂದಿಸಿದರೆ ಅದೇ ಭಾರ ಅವನ ಕೆಲಸಕ್ಕೆ ಬರುತ್ತೆ.

ಪಕ್ಕದ ನಿಜಾಮಾಬಾದ್‌ನ ಉದಾಹರಣೆ

ಇದಕ್ಕೆ ದೂರದ ಉದಾಹರಣೆ ಬೇಡ. ನಿಖತ್ ಜರೀನ್ ತೆಲಂಗಾಣದ ನಿಜಾಮಾಬಾದ್‌ನವರು. 1956ರವರೆಗೆ ಬೀದರ್, ನಿಜಾಮಾಬಾದ್ ಎರಡೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು, ಅಂದರೆ ನಮ್ಮ ನೆರೆಯವರೇ. 2022ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ಅವರು 52 ಕೆಜಿ ವರ್ಗದಲ್ಲಿ ವಿಶ್ವ ಚಾಂಪಿಯನ್ ಆದರು. ಆದರೆ ಪ್ಯಾರಿಸ್ ಒಲಿಂಪಿಕ್ಸ್ ಪಟ್ಟಿಯಲ್ಲಿ 52 ಕೆಜಿ ಇರಲೇ ಇಲ್ಲ. 50 ಇತ್ತು, ಆಮೇಲೆ 54. ನಿಖತ್ ಕೆಳಗೆ ಇಳಿದರು. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 50 ಕೆಜಿ ಚಿನ್ನ, 2023ರಲ್ಲಿ ದೆಹಲಿಯಲ್ಲಿ 50 ಕೆಜಿಯಲ್ಲಿ ಮತ್ತೆ ವಿಶ್ವ ಪಟ್ಟ.

ಅಸ್ಸಾಂನ ಲವ್ಲಿನಾ ಬೊರ್ಗೊಹೈನ್ ಹೋಗಿದ್ದು ಉಲ್ಟಾ ದಾರಿ. ಟೋಕಿಯೊದಲ್ಲಿ ಅವರು ಕಂಚು ಗೆದ್ದಿದ್ದು 69 ಕೆಜಿಯಲ್ಲಿ. ಪ್ಯಾರಿಸ್‌ಗೆ ಆ ವರ್ಗ ಹೋಯ್ತು. ಅವರು 75ಕ್ಕೆ ಏರಿದರು, 2023ರ ಅದೇ ದೆಹಲಿ ಕೂಟದಲ್ಲಿ ಚಿನ್ನ ಗೆದ್ದರು.

ಒಬ್ಬರು 2 ಕೆಜಿ ಇಳಿಸಿ ಬಲ ಉಳಿಸಿಕೊಳ್ಳಬೇಕಿತ್ತು. ಇನ್ನೊಬ್ಬರು 6 ಕೆಜಿ ಏರಿಸಿ ವೇಗ ಉಳಿಸಿಕೊಳ್ಳಬೇಕಿತ್ತು. ಇಬ್ಬರಿಗೂ ಒಂದೇ ಜಿಮ್ ಪಟ್ಟಿ ಕೊಡಲಿಕ್ಕೆ ಆಗುತ್ತಾ? ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ನಿಖತ್ ಅವರದ್ದು ಮೆಮೊರಿ ಕಡಿಮೆ ಮಾಡಿ ಅದೇ ಪ್ರೋಗ್ರಾಂ ಅಷ್ಟೇ ವೇಗವಾಗಿ ಓಡಿಸೋ ಕೆಲಸ. ಮೊದಲು ಮಿತಿ ಯಾವುದು ಅಂತ ಗೊತ್ತಾಗಬೇಕು, ಕೋಡ್ ಆಮೇಲೆ.

ಪಂಚ್ ಶುರುವಾಗೋದು ನೆಲದಿಂದ

1980ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಫಿಲಿಮೊನೊವ್ ಮತ್ತು ಸಂಗಡಿಗರು ಬಾಕ್ಸರ್‌ಗಳ ನೇರ ಪಂಚ್ ಅನ್ನು ಅಳೆದು ನೋಡಿದ್ದರು. ಪಳಗಿದ ಬಾಕ್ಸರ್‌ಗಳಲ್ಲಿ ಪಂಚ್‌ನ ಬಲದ ಸುಮಾರು 38% ಕಾಲಿನಿಂದ, 37% ಸೊಂಟ-ಮೈ ತಿರುಗಿಸೋದರಿಂದ ಬರ್ತಿತ್ತು. ಕೈಯಿಂದ ಬರೋದು ಸುಮಾರು 24% ಮಾತ್ರ. ಹೊಸಬರಲ್ಲಿ ಕಾಲಿನ ಪಾಲು ಇದರ ಅರ್ಧದಷ್ಟೂ ಇರಲಿಲ್ಲ.

ಈಗ ನಮ್ಮ ಜಿಮ್‌ಗಳ ಕಡೆ ನೋಡ್ರಿ. ಸೋಮವಾರ ಎದೆ, ಮಂಗಳವಾರ ಬೈಸೆಪ್ಸ್, ಕಾಲಿನ ದಿನಕ್ಕೆ ರಜೆ! 24% ಕೊಡೋ ಕೈಗೆ ವಾರವಿಡೀ ಕೆಲಸ, 75% ಕೊಡೋ ಕಾಲು-ಸೊಂಟಕ್ಕೆ ಅರ್ಧ ಗಂಟೆ. ಬಾಕ್ಸರ್ ಪಟ್ಟಿಯಲ್ಲಿ ಈ ಲೆಕ್ಕ ತಿರುಗಬೇಕು. ಸ್ಕ್ವಾಟ್, ಡೆಡ್‌ಲಿಫ್ಟ್, ಒಂದೇ ಕಾಲಿನ ಲಂಜ್, ಮೈ ತಿರುಗಿಸಿ ಮೆಡಿಸಿನ್ ಬಾಲ್ ಎಸೆಯೋದು ಮೊದಲು. ಬೆಂಚ್ ಪ್ರೆಸ್ ಪೂರ್ತಿ ಬಿಡಬೇಕಿಲ್ಲ, ಕೊನೆಗೆ ಇಟ್ಟುಕೊಂಡರೆ ಸಾಕು.

ಬಾಕ್ಸರ್‌ನ ಭುಜ ದಿನಾ ಮುಂದಕ್ಕೇ ಹೋಗ್ತಿರುತ್ತೆ. ಅದಕ್ಕೇ ಒಂದು ಸಲ ತಳ್ಳಿದರೆ ಎರಡು ಸಲ ಎಳೆಯೋ ವ್ಯಾಯಾಮ ಬೇಕು: ಪುಲ್‌ಅಪ್, ರೋ, ರಬ್ಬರ್ ಬ್ಯಾಂಡ್ ಹಿಡಿದು ಭುಜ ಹೊರಕ್ಕೆ ತಿರುಗಿಸೋದು. 2017ರಲ್ಲಿ ಭುಜದ ಗಾಯ, ಶಸ್ತ್ರಚಿಕಿತ್ಸೆ ಅಂತ ನಿಖತ್ ತುಂಬಾ ಕಾಲ ರಿಂಗ್‌ನಿಂದ ದೂರ ಇರಬೇಕಾಯ್ತು. ಭುಜ ಹೋದರೆ ಬಾಕ್ಸರ್‌ನ ಒಂದು ಸೀಸನ್ನೇ ಹೋಯ್ತು ಅಂತ ಲೆಕ್ಕ.

ಕಾಲು ಸೆಕೆಂಡಿನ ಆಟ

ಪಿಯುಸಿ ಫಿಸಿಕ್ಸ್ ನೆನಪಿದೆಯಾ? ಪವರ್ ಅಂದರೆ ಬಲ ಗುಣಿಸು ವೇಗ. ಸ್ನಾಯು ತನ್ನ ಪೂರ್ತಿ ಬಲ ತೋರಿಸಲಿಕ್ಕೆ ಸುಮಾರು 300 ಮಿಲಿಸೆಕೆಂಡ್ ಅಥವಾ ಇನ್ನೂ ಹೆಚ್ಚು ಬೇಕು. ಬಾಕ್ಸಿಂಗ್, ಕರಾಟೆ, ವೇಗದ ಓಟದಂಥ ಆಟಗಳಲ್ಲಿ ಸ್ನಾಯುವಿಗೆ ಸಿಗೋ ಸಮಯ 50ರಿಂದ 250 ಮಿಲಿಸೆಕೆಂಡ್. ಅಂದರೆ ಪೂರ್ತಿ ಬಲ ಬರೋದರೊಳಗೆ ಪಂಚ್ ಮುಗಿದೇ ಹೋಗಿರುತ್ತೆ.

ಹಾಗಾಗಿ ಎಷ್ಟು ಬಲ ಇದೆ ಅನ್ನೋದರ ಜೊತೆಗೆ ಎಷ್ಟು ಬೇಗ ಹೊರಗೆ ಬರುತ್ತೆ ಅನ್ನೋದೂ ಮುಖ್ಯ. ಮೊದಲು ಭಾರ ಎತ್ತಿ ಬಲ ಕಟ್ಟಬೇಕು, ಆಮೇಲೆ ಹಗುರ ಭಾರವನ್ನು ಜೋರಾಗಿ ಓಡಿಸಿ ಆ ಬಲಕ್ಕೆ ವೇಗ ಕಲಿಸಬೇಕು.

ಇಲ್ಲಿ ಒಂದು ಮಾತು. ಡಂಬೆಲ್ ಹಿಡಿದು ಗಾಳಿಯಲ್ಲಿ ಪಂಚ್ ಹೊಡೆಯೋದನ್ನು ಎಲ್ಲಾ ಕಡೆ ನೋಡ್ತೀವಿ. ಡಂಬೆಲ್‌ನ ಭಾರ ಎಳೆಯೋದು ಕೆಳಕ್ಕೆ, ಪಂಚ್ ಹೋಗೋದು ಮುಂದಕ್ಕೆ. ಭುಜ ದಣಿಯುತ್ತೆ, ಕೈಯ ದಾರಿ ಕೆಡುತ್ತೆ, ಪಂಚ್‌ಗೆ ಬಲ ಬರಲ್ಲ. ಅದರ ಬದಲು 3 ಕೆಜಿ ಮೆಡಿಸಿನ್ ಬಾಲ್ ತಗೊಂಡು, ಹಿಂದಿನ ಕಾಲಿನಿಂದ ತಿರುಗಿ, ಗಟ್ಟಿ ಗೋಡೆಗೆ ಎಸೆಯಿರಿ. ಕೈ ಬಿಟ್ಟು ಹೋಗೋ ಭಾರವನ್ನು ಕೊನೆವರೆಗೂ ಜೋರಾಗಿ ತಳ್ಳಬಹುದು.

ತಾಲೀಮಿನಿಂದ ಏನು ತಗೋಬೇಕು?

ನಮ್ಮ ಕಡೆ ಕುಸ್ತಿ ಗೊತ್ತಿಲ್ಲದವರು ಯಾರು? ಜಾತ್ರೆ ಬಂದರೆ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತೋದು, ಚೀಲ ಎತ್ತೋದು ಉತ್ತರ ಕರ್ನಾಟಕದ ಊರೂರಲ್ಲಿ ನಡೆಯುತ್ತೆ. ಬಾಕ್ಸಿಂಗ್ ಕಲಿಯೋ ಹುಡುಗನಿಗೆ ಮನೆಯಲ್ಲಿ ಮೊದಲು ಸಿಗೋ ಸಲಹೆಯೂ ಪೈಲ್ವಾನರದ್ದೇ: ದಂಡ ಹೊಡಿ, ಬೈಠಕ್ ಹೊಡಿ.

ದಂಡ ಒಳ್ಳೇದು. ಭುಜ, ಬೆನ್ನು, ಸೊಂಟ ಮೂರೂ ಒಟ್ಟಿಗೆ ಬಾಗಿ ಏಳ್ತವೆ, ವಾರ್ಮ್‌ಅಪ್‌ಗೆ 20-30 ಸಾಕು. ಹಗುರ ಗದೆ ತಿರುಗಿಸೋದು ಭುಜದ ಕೀಲಿಗೆ ಒಳ್ಳೇದು. ಸಂಗ್ರಾಣಿ ಕಲ್ಲಿನ ಹಾಗೆ ಅಂಕುಡೊಂಕಾದ ಭಾರ ಎತ್ತೋದರಿಂದ ಹಿಡಿತ, ಸೊಂಟ ಎರಡೂ ಗಟ್ಟಿ ಆಗ್ತವೆ.

ಬದಲಾಯಿಸಬೇಕಾಗಿರೋದು ಎಣಿಕೆ. 500 ಬೈಠಕ್ ಹೊಡೆದರೆ ಕಾಲಿಗೆ ತಾಳಿಕೆ ಬರುತ್ತೆ, ಸಿಡಿಯೋ ಗುಣ ಬರಲ್ಲ. ತಾಳಿಕೆಯನ್ನು ಬಾಕ್ಸರ್ ಓಟದಲ್ಲಿ, ಬ್ಯಾಗ್ ಮೇಲೆ, ಸ್ಪಾರಿಂಗ್‌ನಲ್ಲಿ ಈಗಾಗಲೇ ಗಳಿಸ್ತಿರ್ತಾನೆ. ಕುಸ್ತಿಯಲ್ಲಿ ಎದುರಾಳಿಯನ್ನು ಹಿಡಿದು ಒತ್ತಿ ನಿಲ್ಲಿಸೋ ಬಲ ಬೇಕು. ಬಾಕ್ಸಿಂಗ್‌ನಲ್ಲಿ ಹೋಗಿ, ಹೊಡೆದು, ವಾಪಸ್ ಬರಬೇಕು. ಇನ್ನು ಪೈಲ್ವಾನರ ಕತ್ತಿನ ಸೇತುವೆಯನ್ನು ಉಸ್ತಾದ್ ಇಲ್ಲದೆ ಮೊಬೈಲ್ ನೋಡಿ ಮಾಡಬ್ಯಾಡ್ರಿ. ಅಂಗೈಯನ್ನು ಹಣೆಗೆ, ಕಿವಿ ಪಕ್ಕಕ್ಕೆ, ತಲೆ ಹಿಂದಕ್ಕೆ ಒತ್ತಿ ಹಿಡಿದು 10 ಸೆಕೆಂಡ್ ನಿಲ್ಲೋದರಿಂದ ಶುರು ಮಾಡಬಹುದು.

12 ವಾರದ ಲೆಕ್ಕ

ಸ್ಪರ್ಧೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ. 12 ವಾರ ಕೈಯಲ್ಲಿದ್ದರೆ ಹೀಗೆ ಹಂಚಬಹುದು:

• ಮೊದಲ 4 ವಾರ: ತಳಪಾಯ. ಹದ ಭಾರ, 8 ರೆಪ್, 3 ಸೆಟ್. ಭಂಗಿ ಸರಿ ಮಾಡಿಕೊಳ್ಳೋ ಕಾಲ ಇದು.

• ಮುಂದಿನ 4 ವಾರ: ಬಲ. ಹೆಚ್ಚು ಭಾರ, 3ರಿಂದ 5 ರೆಪ್, 3-4 ಸೆಟ್, ನಡುವೆ 2-3 ನಿಮಿಷ ವಿಶ್ರಾಂತಿ. ಇನ್ನೆರಡು ರೆಪ್ ಆಗುತ್ತೆ ಅನ್ನೋವಾಗಲೇ ನಿಲ್ಲಿಸಿ. ರೆಪ್ ಕಡಿಮೆ, ವಿಶ್ರಾಂತಿ ಹೆಚ್ಚು ಇದ್ದರೆ ಮೈ ಹೆಚ್ಚು ಉಬ್ಬದೇ ಬಲ ಬರುತ್ತೆ. ತೂಕದ ವರ್ಗ ಕಾಯೋರಿಗೆ ಇದೇ ಬೇಕಾಗಿರೋದು.

• ಆಮೇಲೆ 3 ವಾರ: ವೇಗ. ಜಂಪ್ ಸ್ಕ್ವಾಟ್, ಬಾಲ್ ಎಸೆತ, ಹಗುರ ಪುಷ್ ಪ್ರೆಸ್. ವೇಗ ಕುಸಿದ ಕೂಡಲೇ ಸೆಟ್ ಮುಗೀತು. ಭಾರದ ಸ್ಕ್ವಾಟ್ ವಾರಕ್ಕೆ ಒಂದೇ ಸಲ.

• ಕೊನೆಯ ವಾರ: ಕೆಲಸ ಅರ್ಧಕ್ಕಿಂತ ಕಡಿಮೆ. ಹೊಸದೇನೂ ಬೇಡ.

ವಾರಕ್ಕೆ ಎರಡೇ ದಿನ, ಒಂದೊಂದು ದಿನ 45 ನಿಮಿಷ. ಸ್ಪಾರಿಂಗ್ ಬುಧವಾರ, ಶನಿವಾರ ಇದ್ದರೆ ಭಾರ ಎತ್ತೋದು ಸೋಮವಾರ, ಗುರುವಾರ. ನಡುವೆ 48 ಗಂಟೆ ಸಿಗುತ್ತೆ. ಸಂಜೆ ಬಾಕ್ಸಿಂಗ್ ಅಭ್ಯಾಸ ಇದ್ದರೆ ಭಾರ ಬೆಳಗ್ಗೆ. ದಣಿದ ಕಾಲಲ್ಲಿ ಸ್ಪಾರಿಂಗ್‌ಗೆ ಇಳಿದರೆ ಗಾರ್ಡ್ ಕೆಳಗೆ ಬರುತ್ತೆ, ತಲೆಗೆ ಏಟು ಬೀಳುತ್ತೆ. ಜಿಮ್‌ನಿಂದ ಎಷ್ಟು ಲಾಭ ಆದರೂ ಆ ಏಟಿಗೆ ಸಮ ಅಲ್ಲ. ಕೋಚ್ ಒಬ್ಬರು, ಜಿಮ್ ಟ್ರೇನರ್ ಇನ್ನೊಬ್ಬರು ಆಗಿದ್ದರೆ ಇಬ್ಬರಿಗೂ ಒಂದೇ ವೇಳಾಪಟ್ಟಿ ತೋರಿಸಿ.

ಕಾಟಾ, ಊಟ

2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ 50 ಕೆಜಿ ಕುಸ್ತಿ ಫೈನಲ್‌ನ ಬೆಳಗ್ಗೆ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚು ತೂಗಿ ಅನರ್ಹರಾಗಿದ್ದು ಎಲ್ಲರಿಗೂ ನೆನಪಿದೆ. ಅದೇ ಒಲಿಂಪಿಕ್ಸ್‌ನಲ್ಲಿ ಚೀನಾದ ವು ಯು ಎದುರು ಸೋತ ಮೇಲೆ ನಿಖತ್ ಕೂಡ, ತೂಕಕ್ಕೋಸ್ಕರ ಎರಡು ದಿನ ಊಟ, ನೀರು ಬಿಟ್ಟಿದ್ದಾಗಿ ಹೇಳಿದ್ದರು. ಒಲಿಂಪಿಕ್ ಮಾದರಿಯ ಬಾಕ್ಸಿಂಗ್‌ನಲ್ಲಿ ಪಂದ್ಯ ಇರೋ ದಿನ ಬೆಳಗ್ಗೆಯೇ ತೂಕ. ಕಳೆದುಕೊಂಡ ನೀರು ವಾಪಸ್ ತುಂಬಿಕೊಳ್ಳಲಿಕ್ಕೆ ಸಿಗೋದು ಕೆಲವೇ ಗಂಟೆ.

ವಿಶ್ವ ಚಾಂಪಿಯನ್‌ಗೇ ಇಷ್ಟು ಕಷ್ಟ ಅಂದಮೇಲೆ, ಬೀದರ್‌ನ ಬಿಸಿಲಲ್ಲಿ ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಓಡೋ 18ರ ಹುಡುಗನ ಗತಿ ಏನು? ಅದು ಸೀದಾ ಅಪಾಯ. ತೂಕ ಇಳಿಸೋದಿದ್ದರೆ ವಾರಕ್ಕೆ ಅರ್ಧ ಕೆಜಿ ಹಾಗೆ, ಎರಡು ತಿಂಗಳ ಮೊದಲೇ ಶುರು ಮಾಡಬೇಕು.

ಸ್ನಾಯು ಉಳಿಯಬೇಕಾದರೆ ಪ್ರೋಟೀನ್ ಬೇಕು: ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 1.6ರಿಂದ 2 ಗ್ರಾಂ. 60 ಕೆಜಿ ಬಾಕ್ಸರ್‌ಗೆ ಸುಮಾರು 100-120 ಗ್ರಾಂ. ಇದಕ್ಕೆ ದುಬಾರಿ ಡಬ್ಬಿಯೇ ಬೇಕಂತಿಲ್ಲ. ಸೋಯಾ ನಮ್ಮ ಜಿಲ್ಲೆಯ ಹೊಲದಲ್ಲೇ ಬೆಳೆಯುತ್ತೆ. 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ನಾಲ್ಕು ಮೊಟ್ಟೆಗೆ 24. ಉಳಿದದ್ದು ತೊಗರಿಬೇಳೆ, ಹೆಸರುಕಾಳು, ಶೇಂಗಾ, ಮೊಸರು, ತಿನ್ನೋರಿಗೆ ಚಿಕನ್. ಅಭ್ಯಾಸದ ದಿನ ಜೋಳದ ರೊಟ್ಟಿ ಬಿಡಬ್ಯಾಡ್ರಿ, ರಿಂಗ್‌ನಲ್ಲಿ ಉರಿಯೋ ಇಂಧನ ಅದೇ.

ಹುಡುಗಿಯರ ಮನೆಯವರಿಗೆ

'ಭಾರ ಎತ್ತಿದರೆ ಹುಡುಗಿ ಮೈ ಗಂಡಸರ ಹಾಗೆ ಆಗುತ್ತೆ' ಅನ್ನೋ ಭಯ ಇನ್ನೂ ಹೋಗಿಲ್ಲ. 50 ಕೆಜಿ ದಾಟದೇ ವಿಶ್ವ ಪಟ್ಟ ಗೆದ್ದ ನಿಖತ್ ಅವರನ್ನೇ ನೋಡ್ರಿ. ಭಾರ ಎತ್ತಿದ ಮಾತ್ರಕ್ಕೆ ಮೈ ದಪ್ಪ ಆಗಲ್ಲ. ಅದಕ್ಕೆ ಹೆಚ್ಚು ರೆಪ್, ಹೆಚ್ಚು ಊಟ, ವರ್ಷಗಟ್ಟಲೆ ಸಮಯ ಎಲ್ಲಾ ಬೇಕು. ಭಾರ ಎತ್ತದೇ ರಿಂಗ್‌ಗೆ ಕಳಿಸಿದರೆ ಮಾತ್ರ ಮೊಣಕಾಲು, ಭುಜ, ಕತ್ತು ತಯಾರಿಲ್ಲದೇ ಏಟಿಗೆ ಸಿಗ್ತವೆ.

ಕೆಲಸ ಮಾಡ್ತಿದೆಯಾ, ಹೇಗೆ ಗೊತ್ತಾಗುತ್ತೆ?

ಒಂದು ನೋಟ್‌ಬುಕ್ ಸಾಕು. ಪ್ರತಿ ಸೋಮವಾರ ವಾರ್ಮ್‌ಅಪ್ ಆದಮೇಲೆ ಬೆರಳಿಗೆ ಸುಣ್ಣ ಹಚ್ಚಿ ಗೋಡೆ ಪಕ್ಕ ಜಿಗಿದು ಗುರುತು ಮಾಡಿ, ಎತ್ತರ ಬರೆದಿಡಿ. ಮೆಡಿಸಿನ್ ಬಾಲ್ ಎಷ್ಟು ದೂರ ಹೋಯ್ತು ಬರೆದಿಡಿ. ಬೆಳಗ್ಗೆ ಖಾಲಿ ಹೊಟ್ಟೆಯ ತೂಕ ಬರೆದಿಡಿ. ಸ್ಪಾರಿಂಗ್ ದಿನ ಮೊದಲ ಮತ್ತು ಮೂರನೇ ರೌಂಡ್‌ನ ವಿಡಿಯೊ ಮಾಡಿ, ಮೂರು ನಿಮಿಷದಲ್ಲಿ ಎಷ್ಟು ಪಂಚ್ ಹೋದವು ಎಣಿಸಿ.

ಸ್ಕ್ವಾಟ್ 20 ಕೆಜಿ ಏರಿದೆ, ಆದರೆ ಜಿಗಿತ ಅಲ್ಲೇ ಇದೆ, ತೂಕ 2 ಕೆಜಿ ಹೆಚ್ಚಾಗಿದೆ, ಮೂರನೇ ರೌಂಡ್‌ನ ಎಣಿಕೆ ಇಳಿದಿದೆ ಅಂದರೆ ಆ ಪಟ್ಟಿ ಜಿಮ್‌ಗೆ ಸರಿ, ರಿಂಗ್‌ಗೆ ಅಲ್ಲ. ಭಾರ ಸ್ವಲ್ಪವೇ ಏರಿದ್ದರೂ ಜಿಗಿತ ಹೆಚ್ಚಾಗಿ, ತೂಕ ಹಾಗೇ ನಿಂತು, ಮೂರನೇ ರೌಂಡ್‌ನಲ್ಲಿ ಕೈ ಕೆಳಗೆ ಬರದೇ ಇದ್ದರೆ, ಯಾರು ಎಷ್ಟು ಬೆಂಚ್ ಹೊಡೀತಾರೆ ಅಂತ ತಲೆ ಕೆಡಿಸಿಕೊಳ್ಳದೇ ಅದೇ ದಾರಿಯಲ್ಲಿ ಮುಂದುವರೀರಿ.