ಬಾಯಿಗೆ ಬಂದ ತುತ್ತನ್ನು ಚಿರತೆ ಏಕೆ ಬಿಟ್ಟಿತು?

2021ರ ಫೆಬ್ರುವರಿ. ದಕ್ಷಿಣ ಕನ್ನಡದ ಕಡಬ ತಾಲ್ಲೂಕಿನ ಬಿಳಿನೆಲೆಯಲ್ಲಿ ನಸುಕಿನ ಹೊತ್ತು ಚಿರತೆಯೊಂದು ನಾಯಿಯನ್ನು ಅಟ್ಟಿಸಿಕೊಂಡು ಬಂದು, ಅದರ ಹಿಂದೆಯೇ ಮನೆಯೊಂದರ ಶೌಚಾಲಯಕ್ಕೆ ನುಗ್ಗಿತು. ಹೊರಗಿನಿಂದ ಚಿಲಕ ಬಿತ್ತು. ಆಮೇಲೆ ಮೇಲಿನಿಂದ ತೆಗೆದ ಫೋಟೊ ದೇಶವನ್ನೆಲ್ಲ ಸುತ್ತಿತು: ಒಂದು ಮೂಲೆಯಲ್ಲಿ ಚಿರತೆ, ಇನ್ನೊಂದು ಮೂಲೆಯಲ್ಲಿ ಮುದುಡಿಕೊಂಡ ನಾಯಿ, ನಡುವೆ ಕೆಲವೇ ಅಡಿ ಜಾಗ. ಗಂಟೆಗಟ್ಟಲೆ ಹಾಗೇ ಕಳೆಯಿತು. ಅರಣ್ಯ ಇಲಾಖೆಯವರು ಹಿಡಿಯಲು ಅಣಿಯಾಗುತ್ತಿದ್ದಾಗ ಚಿರತೆ ಚಾವಣಿಯ ಕಡೆಯಿಂದ ತಪ್ಪಿಸಿಕೊಂಡಿತು. ನಾಯಿ ಬದುಕಿ ಉಳಿಯಿತು.

ಆ ಫೋಟೊದ ಜೊತೆಗೆ ಒಂದು ನೀತಿಕಥೆಯೂ ಹರಿದಾಡತೊಡಗಿತು. ಸ್ವಾತಂತ್ರ್ಯ ಕಳೆದುಕೊಂಡ ಮೃಗ ದುಃಖದಲ್ಲಿ ಹಸಿವನ್ನೇ ಮರೆಯಿತಂತೆ! ಕೇಳಲು ಚೆನ್ನ, ಆದರೆ ನಿಜವಲ್ಲ. ಮೃಗಾಲಯದ ಚಿರತೆಗಳು ಬೋನಿನಲ್ಲೇ ಇದ್ದು ಹೊಟ್ಟೆ ತುಂಬ ತಿನ್ನುತ್ತವೆ. ಉತ್ತರ ಬೇಕಾದರೆ ಬೆಕ್ಕಿನ ಮಿದುಳಿನೊಳಕ್ಕೆ ಇಳಿಯಬೇಕು.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವಾಲ್ಟರ್ ಹೆಸ್ ಎಂಬ ವಿಜ್ಞಾನಿ ಬೆಕ್ಕುಗಳ ಮಿದುಳಿಗೆ ಕೂದಲೆಳೆಯಂಥ ತಂತಿ ಇಳಿಸಿ, ಹೈಪೊಥಲಾಮಸ್ ಎಂಬ ಪುಟ್ಟ ಭಾಗಕ್ಕೆ ಸಣ್ಣ ವಿದ್ಯುತ್ ಹರಿಸಿ ನೋಡಿದರು. ಅಲ್ಲಿಯವರೆಗೆ ಶಾಂತವಾಗಿದ್ದ ಬೆಕ್ಕು ಥಟ್ಟನೆ ಮೈಕೂದಲು ನಿಮಿರಿಸಿ, ಕಿವಿ ಹಿಂದಕ್ಕೆ ಮಡಚಿ, ಬುಸುಗುಟ್ಟಿ ಪಂಜ ಎತ್ತುತ್ತಿತ್ತು. ವಿದ್ಯುತ್ ನಿಲ್ಲಿಸಿದರೆ ಮತ್ತೆ ಮೊದಲಿನಂತೆ. ದೇಹದ ಒಳಾಂಗಗಳನ್ನು ಮಿದುಳಿನ ಈ ಭಾಗ ಹೇಗೆ ನಡೆಸುತ್ತದೆ ಎಂಬುದನ್ನು ತೋರಿಸಿಕೊಟ್ಟದ್ದಕ್ಕೆ 1949ರಲ್ಲಿ ಹೆಸ್ ಅವರಿಗೆ ನೊಬೆಲ್ ಬಂತು.

ಕಥೆಯ ಸ್ವಾರಸ್ಯವಿರುವುದು ಮುಂದಿನ ಅಧ್ಯಾಯದಲ್ಲಿ. 1962ರಲ್ಲಿ ಅಮೆರಿಕದ ವಾಸ್ಮನ್ ಮತ್ತು ಫ್ಲಿನ್, ಅದೇ ಹೈಪೊಥಲಾಮಸ್‌ನಲ್ಲಿ ತಂತಿಯ ಜಾಗವನ್ನು ತುಸು ಪಕ್ಕಕ್ಕೆ ಸರಿಸಿದರೆ ಬೆಕ್ಕಿನ ನಡತೆಯೇ ಬೇರೆಯಾಗುವುದನ್ನು ವರದಿ ಮಾಡಿದರು. ಈಗ ಬುಸುಗುಟ್ಟುವಿಕೆ ಇಲ್ಲ, ಅಬ್ಬರವಿಲ್ಲ. ಬೆಕ್ಕು ಸದ್ದಿಲ್ಲದೆ ಇಲಿಯತ್ತ ಹೋಗಿ ಕಚ್ಚಿಹಿಡಿಯುತ್ತದೆ. ಅಂದರೆ ಬೇಟೆಗೂ ಸಿಟ್ಟಿಗೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ. ನಾವು ಎರಡನ್ನೂ ‘ಕ್ರೌರ್ಯ’ ಎಂದು ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ಅಷ್ಟೇ ಅಲ್ಲ, ಒಂದು ದಾರಿ ಚುರುಕಾದಾಗ ಇನ್ನೊಂದು ಅದುಮಿಹೋಗುತ್ತದೆ ಎಂದು ನಂತರದ ಪ್ರಯೋಗಗಳು ತೋರಿಸಿದವು. ಮನೆಯ ವಿದ್ಯುತ್ತಿಗೂ ಜನರೇಟರಿಗೂ ನಡುವೆ ಹಾಕುವ ಚೇಂಜ್‌ಓವರ್ ಸ್ವಿಚ್‌ನಂತೆ: ಒಂದು ಆನ್ ಆದರೆ ಇನ್ನೊಂದು ತಾನಾಗಿ ಆಫ್.

ಚಿರತೆಯ ಮಿದುಳಿಗೆ ಯಾರೂ ತಂತಿ ಇಳಿಸಿಲ್ಲ. ಆದರೂ ಅದು ಬೆಕ್ಕಿನ ಕುಲದ್ದೇ. ಬಾಗಿಲು ಮುಚ್ಚಿ ಹೊರಗೆ ಜನರ ಗದ್ದಲ ಕೇಳಿದ್ದೇ ತಡ ಅದರೊಳಗೆ ಬೇಟೆ ನಿಂತು ಆತ್ಮರಕ್ಷಣೆ ಶುರುವಾಯಿತು ಎಂದರೆ ಬಿಳಿನೆಲೆಯ ಘಟನೆ ಒಗಟಾಗಿ ಉಳಿಯುವುದಿಲ್ಲ. ನಾಯಿ ಆಗ ಆಹಾರವಲ್ಲ. ಅಲುಗಾಡದೆ ಮೂಲೆ ಹಿಡಿದಿದ್ದರಿಂದ ಅಪಾಯವೂ ಅಲ್ಲ.

ನಾಯಿ ಅದಕ್ಕೆ ರುಚಿಸುವುದಿಲ್ಲ ಎನ್ನುವಂತಿಲ್ಲ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಗದ್ದೆಗಳ ನಡುವೆ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಗಳ ಹಿಕ್ಕೆ ಸಂಗ್ರಹಿಸಿ ಪರೀಕ್ಷಿಸಿದರು. ಮಾಂಸ ಜೀರ್ಣವಾದರೂ ಕೂದಲು ಕರಗುವುದಿಲ್ಲ. ಸೂಕ್ಷ್ಮದರ್ಶಕದಡಿ ಅದರ ಮೇಲ್ಮೈಯ ಹುರುಪೆಗಳನ್ನೂ ನಡುವಿನ ತಿರುಳನ್ನೂ ನೋಡಿದರೆ ಅದು ನಾಯಿಯದೋ ಮೇಕೆಯದೋ ಕಾಡುಪ್ರಾಣಿಯದೋ ಎಂದು ಗೊತ್ತಾಗುತ್ತದೆ. ಲೆಕ್ಕ ಹಾಕಿದಾಗ, ಅಲ್ಲಿನ ಚಿರತೆಗಳ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಯೇ! ಮನೆಯಂಗಳದಲ್ಲಿ ಸುಳಿದಾಡುವ ಚಿರತೆ ಬಹುಪಾಲು ಹುಡುಕುವುದು ಮನುಷ್ಯನನ್ನಲ್ಲ, ಅವನ ಮನೆಯ ಕಾವಲುಗಾರನನ್ನು.

ಸಿಕ್ಕಿಬಿದ್ದ ಚಿರತೆಯನ್ನು ನೋಡಲು ಊರೇ ಮುಗಿಬೀಳುತ್ತದಲ್ಲ, ಭಯಪಡಬೇಕಾದದ್ದು ಅದಕ್ಕೆ. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಹೊಕ್ಕ ಚಿರತೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಅದರ ದಾಳಿಗೆ ಸಿಕ್ಕಿ ಗಾಯಗೊಂಡರು. ಅದು ಹಸಿವಿನ ದಾಳಿಯಲ್ಲ. ದಾರಿ ಕಾಣದ ಪ್ರಾಣಿ ತನ್ನ ಜೀವ ಉಳಿಸಿಕೊಳ್ಳಲು ಮಾಡಿದ್ದು.

ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುತ್ತಾರೆ. ಚಿರತೆ ಮೊದಲು ಬಾಯಿ ಹಾಕುವುದು ಕುತ್ತಿಗೆಗೇ ಎಂಬುದು ಅವರಿಗೆ ಗೊತ್ತು. ನಮ್ಮ ಮಲೆನಾಡು, ಕರಾವಳಿಯ ಮನೆಗಳಲ್ಲಿ ಅಷ್ಟೂ ಬೇಡ. ಕತ್ತಲಾದ ಮೇಲೆ ನಾಯಿಯನ್ನು ಅಂಗಳದಲ್ಲಿ ಸರಪಳಿ ಬಿಗಿದು ಬಿಡಬೇಡಿ, ಓಡಲೂ ಆಗದಂತೆ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಒಳಗೆ ಕರೆದುಕೊಂಡು ಬಾಗಿಲು ಹಾಕಿ. ಚಿರತೆ ಎಲ್ಲಾದರೂ ಸಿಕ್ಕಿಕೊಂಡರೆ ಮೊಬೈಲು ಹಿಡಿದು ಹತ್ತಿರ ಹೋಗದೆ, ಅರಣ್ಯ ಇಲಾಖೆಗೆ ತಿಳಿಸಿ ದೂರ ನಿಲ್ಲಿ.