ಅಂಗೈಯಗಲದ ಕ್ಯಾಮೆರಾ, ಅಂಚೆಚೀಟಿಯಗಲದ ಕಣ್ಣು

ಕೆಲವರ ಮನೆಗಳಲ್ಲಿ ಹಳೆಯ ಆಲ್ಬಮ್ಮಿನ ಜೊತೆ ನೆಗೆಟಿವ್‌ಗಳ ಲಕೋಟೆಯೂ ಉಳಿದಿರುತ್ತದೆ. ಅದರಿಂದ ಒಂದು ಪಟ್ಟಿ ತೆಗೆದು ಸ್ಕೇಲಿನಲ್ಲಿ ಅಳೆದು ನೋಡಿ. ಪ್ರತಿ ಚೌಕಟ್ಟೂ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಇಂದು ‘ಫುಲ್ ಫ್ರೇಮ್’ ಎಂದು ಹೇಳಿ ಹೆಚ್ಚು ಬೆಲೆಗೆ ಮಾರುವ ಡಿಜಿಟಲ್ ಕ್ಯಾಮೆರಾದೊಳಗೆ ಇರುವುದು ಇದೇ ಅಳತೆಯ ಸಂವೇದಕ.

ಈ ಅಳತೆ ಬಂದದ್ದು ಸಿನಿಮಾದಿಂದ. ಜರ್ಮನಿಯ ವೆಟ್ಸ್‌ಲಾರ್‌ನ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್, 35 ಮಿ.ಮೀ. ಅಗಲದ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಚೌಕಟ್ಟುಗಳ ಜಾಗದಲ್ಲಿ ಒಂದು ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾ ರೂಪಿಸಿದ. 1925ರಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಹೊರಬಂತು.

ಅಷ್ಟು ದೊಡ್ಡ ಸಿಲಿಕಾನ್ ತುಂಡನ್ನು ದೋಷವಿಲ್ಲದೆ ತಯಾರಿಸುವುದು ದುಬಾರಿಯ ಕೆಲಸ. ಹಾಗಾಗಿ ಬಹಳಷ್ಟು ಡಿಜಿಟಲ್ ಕ್ಯಾಮೆರಾಗಳಿಗೆ ಎಪಿಎಸ್-ಸಿ ಎಂಬ ಚಿಕ್ಕ ಸಂವೇದಕವೇ ಗತಿಯಾಯಿತು. ಅದು ಸುಮಾರು 23.5 × 15.6 ಮಿ.ಮೀ. ವಿದ್ಯಾರ್ಥಿಗಳು ಗುಣಿಸಿ ನೋಡಲಿ: ಇದರ ವಿಸ್ತೀರ್ಣ 367 ಚದರ ಮಿ.ಮೀ. ಆಸುಪಾಸು, ಫುಲ್ ಫ್ರೇಮಿನದು 864.

ಹೆಚ್ಚಿನ ವಿಸ್ತೀರ್ಣದಿಂದ ಲಾಭವೇನು? ಮಳೆ ಸುರಿಯುವಾಗ ಅಂಗಳದಲ್ಲಿ ಲೋಟವನ್ನೂ ತಪ್ಪಲೆಯನ್ನೂ ಇಟ್ಟರೆ ತಪ್ಪಲೆಗೆ ಬೀಳುವ ಹನಿಗಳೇ ಹೆಚ್ಚಲ್ಲವೆ? ಬೆಳಕೂ ಹನಿಹನಿಯಾಗಿ, ಫೋಟಾನ್‌ಗಳಾಗಿ ಬೀಳುತ್ತದೆ. ಸರಾಸರಿ 100 ಫೋಟಾನ್ ಬೀಳುವ ಕಡೆ 10ರಷ್ಟು ಏರುಪೇರು ಸಹಜ. 10,000 ಬೀಳುವ ಕಡೆ ಏರುಪೇರು 100ರಷ್ಟು. ಶೇಕಡಾ ಲೆಕ್ಕದಲ್ಲಿ 10 ಇದ್ದದ್ದು 1ಕ್ಕೆ ಇಳಿಯಿತು! ಮಬ್ಬು ಬೆಳಕಿನ ಚಿತ್ರಗಳಲ್ಲಿ ಮರಳು ಎರಚಿದಂತೆ ಕಾಣುವುದಕ್ಕೆ ಈ ಏರುಪೇರೇ ಮುಖ್ಯ ಕಾರಣ. ಉಳಿದೆಲ್ಲ ಒಂದೇ ಆಗಿದ್ದರೆ ಫುಲ್ ಫ್ರೇಮಿನ ಚಿತ್ರ ಸುಮಾರು ಒಂದೂವರೆ ಪಟ್ಟು ಸ್ವಚ್ಛ. ರಾತ್ರಿಯ ಯಕ್ಷಗಾನವನ್ನೋ ನಕ್ಷತ್ರಗಳನ್ನೋ ಸೆರೆಹಿಡಿಯುವವರಿಗೆ ಇದು ದೊಡ್ಡ ಮಾತು. ಹಗಲಿನ ಬಿಸಿಲಿನಲ್ಲಿ ಮಾತ್ರ ವ್ಯತ್ಯಾಸವನ್ನು ಹುಡುಕಬೇಕಾದೀತು.

ಇಷ್ಟಾಗಿಯೂ ಕ್ಯಾಮೆರಾ ಚಿಕ್ಕದಾದದ್ದು ಹೇಗೆ? ಒಳಗಿನ ಕನ್ನಡಿಯನ್ನು ತೆಗೆದುಹಾಕಿದ್ದರಿಂದ. ಕನ್ನಡಿ ಏರಿಳಿಯಲು ಜಾಗ ಬೇಕಿದ್ದ ಕ್ಯಾನನ್ ಇಎಫ್ ಕ್ಯಾಮೆರಾಗಳಲ್ಲಿ ಮಸೂರ ಕೂರುವ ಬಳೆಗೂ ಸಂವೇದಕಕ್ಕೂ ನಡುವೆ 44 ಮಿ.ಮೀ. ಅಂತರವಿತ್ತು. ಕನ್ನಡಿಯಿಲ್ಲದ ಸೋನಿ ಇ ಮಾದರಿಯಲ್ಲಿ ಅದು 18 ಮಿ.ಮೀ. 2020ರಲ್ಲಿ ಬಂದ ಸೋನಿ ಎ7ಸಿ, ಬ್ಯಾಟರಿ ಸೇರಿ ಸುಮಾರು ಅರ್ಧ ಕಿಲೋ ಅಷ್ಟೆ.

ಪೋಷಕರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಆ ಅರ್ಧ ಕಿಲೋದಲ್ಲಿ ಮಸೂರದ ತೂಕ ಸೇರಿಲ್ಲ. ಚೌಕಟ್ಟಿನ ಕರ್ಣ 43 ಮಿ.ಮೀ.ಗೂ ಹೆಚ್ಚು, ಮಸೂರ ಅಷ್ಟು ಅಗಲದ ಬಿಂಬವನ್ನು ಮೂಡಿಸಲೇಬೇಕು. ಕನ್ನಡಿ ತೆಗೆದರೂ ಈ ನಿಯಮದಿಂದ ಬಿಡುಗಡೆಯಿಲ್ಲ. ಮಗನ ಹಳೆಯ ಎಪಿಎಸ್-ಸಿ ಮಸೂರವನ್ನೇ ಹೊಸ ಕ್ಯಾಮೆರಾಕ್ಕೆ ತೊಡಿಸಿದರೆ ಸಂವೇದಕದ ನಡುಭಾಗವಷ್ಟೇ ಬಳಕೆಯಾಗಿ, 24 ಮೆಗಾಪಿಕ್ಸೆಲ್‌ನಲ್ಲಿ ಕೈಗೆ ಸಿಗುವುದು 10ರಷ್ಟು. ಖರ್ಚಿನ ಲೆಕ್ಕ ಹಾಕುವಾಗ ಹೊಸ ಮಸೂರಗಳ ಬೆಲೆಯನ್ನೂ ಸೇರಿಸಿಯೇ ಹಾಕಬೇಕು.

ಇನ್ನು ಮಗಳಿಗೆ ರಂಗನತಿಟ್ಟಿನ ಹಕ್ಕಿಗಳ ಹುಚ್ಚಿದ್ದರೆ ಚಿಕ್ಕ ಸಂವೇದಕವೇ ಅನುಕೂಲ: ಅದರ ಮೇಲೆ 300 ಮಿ.ಮೀ. ಮಸೂರ ತೋರುವ ನೋಟಕ್ಕೆ ಫುಲ್ ಫ್ರೇಮಿನಲ್ಲಿ 450 ಮಿ.ಮೀ. ಮಸೂರ ಬೇಕಾಗುತ್ತದೆ.